ಓದುಗರ ಪ್ರಶ್ನೆ: ಮಿಡಿಗಾಮದ ಅಲೆ ಹೊಸಬರಿಗೆ ಆಗುತ್ತದಾ?

ಹೋದ ಸಲ ಮುಲ್ಕಿಯ ಸರ್ಫಿಂಗ್ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಕಾಗದ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಶ್ರೀಲಂಕಾದ ಬಗ್ಗೆಯೇ ಕೇಳಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರ: ಮೇಡಂ, ನಾವು ಮೂವರು ಗೆಳೆಯರು. ಹೋದ ವರ್ಷ ಮುಲ್ಕಿಯಲ್ಲಿ ಆರು ದಿನ ಸರ್ಫಿಂಗ್ ಕಲಿತೆವು. ನೊರೆ ಅಲೆಯಲ್ಲಿ ಎದ್ದು ನಿಲ್ಲೋದಕ್ಕೆ ಬರುತ್ತದೆ. ಡಿಸೆಂಬರ್ ಕೊನೆಗೆ ಶ್ರೀಲಂಕಾದ ಮಿಡಿಗಾಮಕ್ಕೆ ಹೋಗುವ ಪ್ಲಾನ್ ಇದೆ. ಅಲ್ಲಿನ 'ಲೇಜಿ ಲೆಫ್ಟ್' ರೀಫ್ (ನೀರಿನಡಿಯ ಬಂಡೆ, ಹವಳದ ಹಾಸು) ಮೇಲೆ ಒಡೆಯುವ ಅಲೆಯಾದರೂ ಹೊಸಬರಿಗೆ ಪರವಾಗಿಲ್ಲ ಅಂತಾರೆ. ಅಲೆಯ ಮುನ್ಸೂಚನೆ ಕೊಡುವ ಆ್ಯಪ್ ಹೇಗಿರುತ್ತದೆ ಅಂತ ಈಗಲೇ ತೆಗೆದು ನೋಡಿದೆವು. '1.2 ಮೀಟರ್, 14 ಸೆಕೆಂಡ್, ನೈರುತ್ಯ, ಗಾಳಿ ಈಶಾನ್ಯ 8 ನಾಟ್' ಅಂತ ಇತ್ತು. 1.2 ಮೀಟರ್ ಅಂದರೆ ಎದೆವರೆಗೆ ಬರಬಹುದು ಅಷ್ಟೇ ಅಲ್ವಾ? ನಾವು ಹೋದಾಗಲೂ ಹೀಗೇ ಇದ್ದರೆ ಇಳಿಯಬಹುದಾ?
— ಬೆಂಗಳೂರಿನ ಓದುಗರು

ಉ: ಅಂಥ ದಿನ ಬೇಡ. ದಡದಲ್ಲಿ ಕೂತು ಎಳನೀರು ಕುಡಿಯಿರಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನೀವು ನೋಡಿದ್ದು ಮೊದಲನೇ ಅಂಕಿ. ಎಲ್ಲರೂ ಅದನ್ನೇ ನೋಡುತ್ತಾರೆ, ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಆದರೆ ಕಡಲಿನ ಗುಣ ಇರುವುದು ಎರಡನೇ ಅಂಕಿಯಲ್ಲಿ, ಆ 14 ಸೆಕೆಂಡಿನಲ್ಲಿ. ಒಂದು ಅಲೆ ಬಂದು ಇನ್ನೊಂದು ಬರುವ ತನಕ ಎಷ್ಟು ಹೊತ್ತು ಅನ್ನುವುದೇ ಅದು. 7–8 ಸೆಕೆಂಡಿನ ಅಲೆ ಅಂದರೆ ಹತ್ತಿರದಲ್ಲೇ ಎಲ್ಲೋ ಗಾಳಿ ಎಬ್ಬಿಸಿದ ಅಲೆ, ಗಿಜಿಗಿಜಿ ಅನ್ನುತ್ತದೆ, ಶಕ್ತಿ ಕಡಿಮೆ. 14 ಸೆಕೆಂಡಿನದು ಹಾಗಲ್ಲ. ಅದು ಹುಟ್ಟಿದ್ದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ, ಭೂಮಧ್ಯರೇಖೆಯಿಂದ 40 ಡಿಗ್ರಿಗೂ ಕೆಳಗೆ. ಅಂಥ ಅಲೆಗಳ ಗುಂಪು ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಬರುತ್ತದೆ, ಐದೂವರೆ ಸಾವಿರ ಕಿ.ಮೀ. ದಾಟಿ ಲಂಕೆಯ ದಡ ಮುಟ್ಟುವುದಕ್ಕೆ ಆರು ದಿನ ಹಿಡಿಯುತ್ತದೆ. ಆಳದ ನೀರಿನಲ್ಲಿ ಅದರ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ 300 ಮೀಟರ್ ಅಂತರ. 8 ಸೆಕೆಂಡಿನ ಅಲೆಯಾದರೆ ಬರೀ 100. ಇಷ್ಟು ಉದ್ದದ ಅಲೆ ತೆಳು ನೀರಿಗೆ ಬಂದಾಗ ಮುಂಭಾಗ ನಿಧಾನ ಆಗಿ, ಹಿಂದಿನಿಂದ ಬರುವ ನೀರೆಲ್ಲ ಮೇಲಕ್ಕೆ ಏರುತ್ತದೆ. ಆ್ಯಪ್‌ನಲ್ಲಿ 1.2 ಮೀಟರ್ ಇದ್ದದ್ದು ರೀಫ್ ಮೇಲೆ ನಿಮ್ಮ ತಲೆಯ ಎತ್ತರಕ್ಕೆ ನಿಂತರೆ ಆಶ್ಚರ್ಯ ಪಡಬೇಡಿ.

ಇನ್ನೊಂದು ಮೋಸ ಇದೆ. ಆ್ಯಪ್‌ನ ಎತ್ತರ ಎಲ್ಲ ಅಲೆಯ ಎತ್ತರ ಅಲ್ಲ. ಸಾಮಾನ್ಯವಾಗಿ ಅಲ್ಲಿ ಕೊಡುವುದು ದೊಡ್ಡ ಅಲೆಗಳ, ಅಂದರೆ ಮೂರರಲ್ಲಿ ಒಂದು ಪಾಲು ದೊಡ್ಡವುಗಳ ಸರಾಸರಿ. ಯಾವಾಗಲೋ ಒಂದು ಅಲೆ ಅದರ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ. ನೀವು ಅಲ್ಲಿದ್ದಾಗಲೇ ಬರುತ್ತದೆ, ಅನುಮಾನ ಬೇಡ.

ಸರಿ, ಹಾಗಾದರೆ ಎಂಥ ದಿನ ಇಳಿಯಬೇಕು? ನಿಮ್ಮ ಆರು ದಿನದ ಕಲಿಕೆಗೆ 0.6ರಿಂದ 0.9 ಮೀಟರ್, 9ರಿಂದ 12 ಸೆಕೆಂಡ್ ಸಾಕು. 14 ಸೆಕೆಂಡೇ ಇದ್ದರೂ ಎತ್ತರ ಅರ್ಧ ಮೀಟರ್ ಇದ್ದರೆ ತೊಂದರೆ ಇಲ್ಲ, ನಿಜ ಹೇಳಬೇಕೆಂದರೆ ಅದು ಬಂಗಾರದಂಥ ದಿನ. ಅಲೆಗಳ ಒಂದು ಗುಂಪು ಬರುತ್ತದೆ, ಆಮೇಲೆ ಹತ್ತು ನಿಮಿಷ ಕೆರೆಯ ಹಾಗೆ ಇರುತ್ತದೆ, ಮತ್ತೆ ಒಂದು ಗುಂಪು. ಹೊರಗೆ, ಅಂದರೆ ಅಲೆ ಒಡೆಯುವ ಜಾಗದಿಂದ ಆಚೆ, ಹೋಗುವುದಕ್ಕೆ ಎಷ್ಟು ಬೇಕೋ ಅಷ್ಟು ಸಮಯ.

ನೀವು ಹೇಳಿದ ಗಾಳಿ ಮಾತ್ರ ಚೆನ್ನಾಗಿದೆ. ಗಾಳಿಗೆ ಯಾವ ದಿಕ್ಕು ಹೇಳುತ್ತಾರೋ ಅದು ಬರುವ ದಿಕ್ಕು, ಹೋಗುವ ದಿಕ್ಕು ಅಲ್ಲ. ಇದನ್ನು ಎಷ್ಟು ಜನ ತಿರುವುಮುರುವು ಮಾಡಿಕೊಳ್ಳುತ್ತಾರೆ! ಮಿಡಿಗಾಮದ ದಡ ದಕ್ಷಿಣಕ್ಕೆ ಮುಖ ಮಾಡಿದೆ, ಈಶಾನ್ಯದ ಗಾಳಿ ಅಂದರೆ ನೆಲದಿಂದ ಕಡಲಿಗೆ ಬೀಸುವ ಗಾಳಿ. ಅದು ಅಲೆಯ ಮುಖವನ್ನು ಎದುರಿನಿಂದ ತಡೆದು ಹಿಡಿಯುತ್ತದೆ, ಅಲೆ ಇಸ್ತ್ರಿ ಮಾಡಿದ ಹಾಗೆ ನುಣ್ಣಗೆ ಬರುತ್ತದೆ. 8 ನಾಟ್ ಅಂದರೆ ಗಂಟೆಗೆ 15 ಕಿ.ಮೀ., ಹಿತವಾದದ್ದು. ಇದು ನಮ್ಮ ಹಿಂಗಾರಿನದೇ ಗಾಳಿ. ನವೆಂಬರ್‌ನಿಂದ ಏಪ್ರಿಲ್ ತನಕ ಲಂಕೆಯ ದಕ್ಷಿಣ ದಡಕ್ಕೆ ಸೀಸನ್ ಅನ್ನುವುದು ಇದೇ ಕಾರಣಕ್ಕೆ.

ಡಿಸೆಂಬರ್–ಜನವರಿಯಲ್ಲಿ ಹೊಸಬರಿಗೆ ಇನ್ನೊಂದು ಅನುಕೂಲ. ಆಗ ಭೂಮಿಯ ದಕ್ಷಿಣಾರ್ಧದಲ್ಲಿ ಬೇಸಿಗೆ, ಅಲ್ಲಿನ ಬಿರುಗಾಳಿಗಳ ಅಬ್ಬರ ತಗ್ಗಿರುತ್ತದೆ, ಹಾಗಾಗಿ ಬರುವ ಅಲೆಯೂ ಸಣ್ಣದು. ಚೆನ್ನಾಗಿ ಬಲ್ಲವರು ಮಾರ್ಚ್, ಏಪ್ರಿಲ್‌ಗೆ ಕಾಯುತ್ತಾರೆ, ನೀವು ಕಾಯಬೇಡಿ. ಅಂದರೆ ನಿಮ್ಮ ತಿಂಗಳ ಆಯ್ಕೆ ಸರಿ ಇದೆ, ಆದರೆ ಒಳ್ಳೆಯ ತಿಂಗಳಿನಲ್ಲೂ ಕೆಟ್ಟ ದಿನಗಳು ಇರುತ್ತವೆ. ಹೊರಡುವ ಒಂದು ವಾರ ಮೊದಲಿನಿಂದ ದಿನಾ ನೋಡಿ. ಐದು ದಿನಕ್ಕಿಂತ ಆಚೆಯ ಗಾಳಿಯ ಮುನ್ಸೂಚನೆಯನ್ನು ನಾನಂತೂ ನಂಬುವುದಿಲ್ಲ. ಅಲೆಯದ್ದು ಸ್ವಲ್ಪ ನಂಬಬಹುದು, ಯಾಕೆಂದರೆ ಅದು ಆಗಲೇ ಹೊರಟು ದಾರಿಯಲ್ಲಿರುತ್ತದೆ.

ಗಡಿಯಾರದ ವಿಷಯ. ಬೆಳಿಗ್ಗೆ 6 ಕಾಲಿನ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಅಲ್ಲಿನ ಗಡಿಯಾರವೂ ನಮ್ಮದೇ. ಆರೂವರೆಯಿಂದ ಒಂಬತ್ತೂವರೆ ನಿಮ್ಮ ಸಮಯ. ಆಮೇಲೆ ನೆಲ ಕಾಯುತ್ತದೆ, ಕಡಲ ಗಾಳಿ ತಿರುಗುತ್ತದೆ, ಹನ್ನೊಂದಕ್ಕೆಲ್ಲ ನೀರು ಕಲಕಿ ಹೋಗುತ್ತದೆ.

ಈಗ ಮುಖ್ಯ ಮಾತು, ರೀಫ್. ಹೆದರುವ ಹೆಸರು ಅದು, ಆದರೆ ಹೊಸಬರಿಗೆ ಅದರಿಂದ ಒಂದು ಉಪಕಾರವೂ ಇದೆ. ಮುಲ್ಕಿಯಲ್ಲಿ ನೀವು ನೋಡಿರಬೇಕು, ತಳ ಮರಳು, ಒಂದು ಮಳೆಗಾಲ ಕಳೆದರೆ ದಿಬ್ಬ ಜಾಗ ಬದಲಿಸಿರುತ್ತದೆ, ನಿನ್ನೆ ಅಲೆ ಒಡೆದ ಕಡೆ ಇವತ್ತು ಒಡೆಯುವುದಿಲ್ಲ. ಮಿಡಿಗಾಮದಲ್ಲಿ ಹಾಸುಬಂಡೆ ಕದಲುವುದಿಲ್ಲ. ಅಲೆ ಅದೇ ಜಾಗದಲ್ಲಿ ಏಳುತ್ತದೆ, ಅದೇ ದಿಕ್ಕಿಗೆ, ಎಡಕ್ಕೆ, ನಿಧಾನವಾಗಿ ಸುರುಳಿ ಬಿಚ್ಚುತ್ತದೆ. ಪಕ್ಕದಲ್ಲಿ ಆಳದ ನೀರಿನ ಓಣಿ ಇರುತ್ತದೆ, ಅಲ್ಲಿ ಅಲೆ ಒಡೆಯುವುದಿಲ್ಲ, ತಲೆಗೆ ನೊರೆ ಬಡಿಸಿಕೊಳ್ಳದೆ ಹೊರಗೆ ಹೋಗಬಹುದು. ನಿಮ್ಮಲ್ಲಿ ಎಡಗಾಲು ಮುಂದೆ ಇಟ್ಟು ನಿಲ್ಲುವವರಿಗೆ ಅಲೆ ಬೆನ್ನ ಹಿಂದೆ ಬರುತ್ತದೆ, ಮೊದಲ ದಿನ ಕಸಿವಿಸಿ ಆಗುತ್ತದೆ, ಇರಲಿ.

ಅಪಾಯ ಇರುವುದು ನೀರಿನ ಆಳದಲ್ಲಿ. ಒಂದು ಲೆಕ್ಕ ನೆನಪಿಡಿ: ಅಲೆ ತನ್ನ ಎತ್ತರದ ಒಂದೂಕಾಲರಷ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. 80 ಸೆಂಟಿಮೀಟರ್ ಅಲೆ ಒಡೆಯುವ ಕಡೆ ನೀರು ಬರೀ ಒಂದು ಮೀಟರ್. ದಡದ ಕಡೆಗೆ ಇನ್ನೂ ಕಡಿಮೆ. ಲಂಕೆಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ನಮ್ಮ ಮಂಗಳೂರಿನ ಅರ್ಧದಷ್ಟೂ ಇಲ್ಲ ಅನ್ನಬಹುದು, ಮುಕ್ಕಾಲು ಮೀಟರ್ ದಾಟುವುದು ಅಪರೂಪ. ಅದಕ್ಕೇ ಕೆಲವರು ಇಳಿತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪು. ಒಂದು ಮೀಟರ್ ನೀರಿನಲ್ಲಿ ಅರ್ಧ ಮೀಟರ್ ಹೋದರೆ ಏನು ಉಳಿಯಿತು ಹೇಳಿ?

ನಾನು ಮೊದಲ ಸಲ ಹೋದಾಗ ಆದದ್ದು ಇದೇ. ಹುಣ್ಣಿಮೆಯ ಮರುದಿನ. ಬೋರ್ಡ್ ಬಾಡಿಗೆಗೆ ಕೊಟ್ಟವನು "ನೋ ಪ್ರಾಬ್ಲಂ, ನೋ ಪ್ರಾಬ್ಲಂ" ಅಂದ, ನಾನು ಉಬ್ಬರ ಇಳಿತದ ಕೋಷ್ಟಕ ನೋಡದೆ ಇಳಿದೆ. ನೀರು ಇಳಿದು ತಳ ಮುಟ್ಟುವ ಹೊತ್ತು. ಎರಡನೇ ಅಲೆಗೆ ಬಿದ್ದೆ, ಮುಲ್ಕಿಯ ಅಭ್ಯಾಸದಲ್ಲಿ ಎದ್ದು ನಿಂತೆ. ಎದ್ದು ನಿಂತದ್ದೇ ತಪ್ಪು, ಕಾಲಿನ ಕೆಳಗೆ ಸೀ ಅರ್ಚಿನ್ ಇತ್ತು, ಆ ಕಪ್ಪು ಮುಳ್ಳಿನ ಚೆಂಡು. ಆ ರಜೆಯ ಉಳಿದ ನಾಲ್ಕು ದಿನ ಕುಂಟುತ್ತಾ ಬೇರೆಯವರು ಅಲೆ ಹಿಡಿಯುವುದನ್ನು ನೋಡಿದೆ.

ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇದು ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತು, ನನಗೆ ಅವತ್ತು ಮರೆತಿತ್ತು. ಲಂಕೆಯಲ್ಲಿ ಪ್ರತಿ ಹುಣ್ಣಿಮೆಗೂ ಪೋಯ ಅಂತ ಸರಕಾರಿ ರಜೆ ಬೇರೆ, ಅಂದರೆ ನೀರು ಅತಿ ಕಡಿಮೆ ಇರುವ ದಿನವೇ ಕಡಲ ತೀರದಲ್ಲಿ ಜನವೂ ಜಾಸ್ತಿ. ಆ ದಿನ ಗಾಲೆ ಕೋಟೆ ನೋಡಲು ಇಟ್ಟುಕೊಳ್ಳಿ. ಬೇರೆ ದಿನಗಳಲ್ಲಿ ಇಳಿತದ ಸಮಯ ನೋಡಿ ಅದರ ಹಿಂದೆ ಮುಂದೆ ಒಂದೂವರೆ ಗಂಟೆ ಬಿಟ್ಟುಬಿಡಿ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಮೊದಲ ಎರಡು ದಿನ ವೆಲಿಗಾಮದಲ್ಲಿ ಕಳೆಯುತ್ತಿದ್ದೆ. ಕೆಲವೇ ಕಿ.ಮೀ. ದೂರ, ದೊಡ್ಡ ಕೊಲ್ಲಿ, ತಳ ಪೂರ್ತಿ ಮರಳು. ನೊರೆ ಅಲ್ಲದ, ಇನ್ನೂ ಒಡೆಯದ ಹಸಿರು ಅಲೆಯನ್ನು ಹತ್ತರಲ್ಲಿ ಐದು ಸಲ ಹಿಡಿಯುವುದು ಅಲ್ಲಿ ಬಂದರೆ ಮೂರನೇ ದಿನ ಸ್ಥಳೀಯ ತರಬೇತುದಾರರ ಜೊತೆ ಮಿಡಿಗಾಮ. ಬರದಿದ್ದರೆ ವೆಲಿಗಾಮದಲ್ಲೇ ಇರಿ, ಅದರಲ್ಲಿ ನಾಚಿಕೆ ಏನಿಲ್ಲ. ಇಳಿಯುವ ಮೊದಲು ಇಪ್ಪತ್ತು ನಿಮಿಷ ದಡದಲ್ಲಿ ನಿಂತು ನೋಡಿ: ಯಾವ ಕಡೆಯಿಂದ ಜನ ಹೊರಗೆ ಹೋಗುತ್ತಿದ್ದಾರೆ, ದೊಡ್ಡ ಅಲೆಗಳ ಗುಂಪು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಬಿದ್ದವರು ಎಲ್ಲಿ ತೇಲುತ್ತಾರೆ, ಎಲ್ಲಾದರೂ ಬಂಡೆ ತಲೆ ಎತ್ತಿದೆಯಾ. ಹತ್ತಿರದಲ್ಲೇ 'ರಾಮ್ಸ್' ಅಂತ ಇನ್ನೊಂದು ಅಲೆ ಇದೆ, ಬಲಕ್ಕೆ ಒಡೆಯುತ್ತದೆ, ನೋಡುವುದಕ್ಕೆ ಬಹಳ ಚೆಂದ. ನೋಡುವುದಕ್ಕೆ ಮಾತ್ರ, ಅಲ್ಲಿ ತಳ ಇನ್ನೂ ಹತ್ತಿರ.

ಮತ್ತೆ, ನೀರಿಗೆ ಇಳಿದ ಮೇಲೆ, ಅಲೆ ಮೊದಲು ಒಡೆಯುವ ಜಾಗಕ್ಕೆ ಯಾರು ಹತ್ತಿರ ಇರುತ್ತಾರೋ ಅವರದ್ದು ಅಲೆ. ಅವರು ಹೊರಟರೆ ನೀವು ನಿಲ್ಲಬೇಕು. ಬೆಂಗಳೂರಿನ ಸಿಗ್ನಲ್ ಬುದ್ಧಿ ಅಲ್ಲಿ ಬೇಡ.

ಪ್ರ: ರೀಫ್ ಮೇಲೆ ಬಿದ್ದರೆ ಹೇಗೆ ಬೀಳಬೇಕು? ಗಾಯ ಆದರೆ ಏನು ಮಾಡಬೇಕು? ಊರಲ್ಲಿ ಹೇಳಿದರೆ ಅಮ್ಮ ಬಿಡುವುದಿಲ್ಲ, ನಿಮ್ಮನ್ನೇ ಕೇಳುತ್ತಿದ್ದೇನೆ.
— ದಾವಣಗೆರೆಯ ಓದುಗರು

ಉ: ಅಮ್ಮನಿಗೆ ಹೇಳಿಯೇ ಹೋಗಿ, ಆಮೇಲೆ ಗಾಯ ತೋರಿಸಿಕೊಂಡು ಹೇಳುವುದಕ್ಕಿಂತ ಸುಲಭ.

ತಲೆ ಮುಂದೆ ಮಾಡಿ ಯಾವತ್ತೂ ಹಾರಬೇಡಿ. ಚಾಪೆ ಹಾಸಿದ ಹಾಗೆ ಅಗಲವಾಗಿ, ಬೆನ್ನ ಮೇಲೆ ಅಥವಾ ಪಕ್ಕಕ್ಕೆ ಬೀಳಿ, ಎರಡು ಕೈಯಿಂದ ತಲೆ ಮುಚ್ಚಿಕೊಳ್ಳಿ, ಮೇಲೆ ಬರುವಾಗಲೂ ಕೈ ತಲೆಯ ಮೇಲೇ ಇರಲಿ, ಬೋರ್ಡ್ ಎಲ್ಲಿದೆಯೋ ಗೊತ್ತಿರುವುದಿಲ್ಲ. ಎದ್ದು ನಿಲ್ಲಬೇಡಿ, ಸೊಂಟದವರೆಗೆ ನೀರಿದ್ದರೂ ಸರಿ. ಬೋರ್ಡ್ ಎಳೆದುಕೊಂಡು ಅದರ ಮೇಲೆ ಮಲಗಿ ಕೈಯಿಂದ ನೀರು ತಳ್ಳಿಕೊಂಡು ಬನ್ನಿ. ರೀಫ್ ಬೂಟು ಸಿಗುತ್ತದೆ, ಹಾಕಿಕೊಳ್ಳಿ. ಸ್ಟೈಲ್ ಇಲ್ಲ ನಿಜ. ನನ್ನ ಕುಂಟಾಟಕ್ಕೂ ಸ್ಟೈಲ್ ಇರಲಿಲ್ಲ.

ಹವಳ ತರಚಿದ ಗಾಯ ಸಣ್ಣದಾದರೂ ಸದರ ಮಾಡಬೇಡಿ. ಹವಳದ ಪುಡಿ ಒಳಗೆ ಉಳಿದರೆ ಕೀವು ಕಟ್ಟುತ್ತದೆ. ಬಾಟಲಿ ನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆಯಿರಿ (ಉರಿಯುತ್ತದೆ, ತಡೆದುಕೊಳ್ಳಿ), ಆಮೇಲೆ ಆ್ಯಂಟಿಸೆಪ್ಟಿಕ್ ಹಚ್ಚಿ. ಟಿ.ಟಿ. ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷ ಆಯಿತು ಅಂತ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿ. ಮುಳ್ಳು ಚುಚ್ಚಿದರೆ, ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲಿಡಿ, ನೋವು ಇಳಿಯುತ್ತದೆ. ಮೇಲೆ ಕಾಣುವ ಮುಳ್ಳನ್ನು ಚಿಮಟದಲ್ಲಿ ನೇರಕ್ಕೆ ಎಳೆಯಿರಿ, ಆಳದ್ದನ್ನು ಸೂಜಿ ಹಾಕಿ ಕೆದಕಬೇಡಿ, ಪುಡಿಪುಡಿಯಾಗಿ ಒಳಗೇ ಉಳಿಯುತ್ತದೆ. ಕೀಲಿನ ಹತ್ತಿರ ಚುಚ್ಚಿದ್ದರೆ, ಊತ ಏರಿದರೆ, ಜ್ವರ ಬಂದರೆ ಆಸ್ಪತ್ರೆ. ಮನೆಮದ್ದು ಬೇಡ.

ಪ್ರ: ಮಗಳಿಗೆ 14 ವರ್ಷ. ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ. ನೇರವಾಗಿ ಮಿಡಿಗಾಮದಲ್ಲೇ ಕಲಿಸಬಹುದಾ?
— ಮೈಸೂರಿನ ಓದುಗರು

ಉ: ಬೇಡ. ಮೊದಲು ಮರಳು. ಮುಲ್ಕಿಯಲ್ಲೋ ವೆಲಿಗಾಮದಲ್ಲೋ ಒಂದು ವಾರ ಕಲಿಯಲಿ. ಈಜುಕೊಳದ ನೀರು ಎಲ್ಲಿಗೂ ಎಳೆಯುವುದಿಲ್ಲ, ಕಡಲಿನ ನೀರು ಎಳೆಯುತ್ತದೆ, ಅದು ಮೈಗೆ ಗೊತ್ತಾಗಬೇಕು. ಹುಡುಗಿ ನಿಮಗಿಂತ ಬೇಗ ಕಲಿಯುತ್ತಾಳೆ, ಅವಸರ ನಿಮ್ಮದು ಅಂತ ನನಗೆ ಅನಿಸುತ್ತಿದೆ.

ಪ್ರ: ನವೆಂಬರ್‌ನಲ್ಲೇ ಹೋಗೋಣ ಅಂತ ಇದ್ದೇವೆ, ಟಿಕೆಟ್ ಅಗ್ಗ ಸಿಗುತ್ತಿದೆ. ಇಲ್ಲವಾದರೆ ಮಕ್ಕಳಿಗೆ ರಜೆ ಇರುವ ಮೇನಲ್ಲಿ. ಯಾವುದು ಒಳ್ಳೆಯದು?
— ಹುಬ್ಬಳ್ಳಿಯ ಓದುಗರು

ಉ: ಎರಡರಲ್ಲಿ ನವೆಂಬರ್. ಆದರೆ ಟಿಕೆಟ್ ಯಾಕೆ ಅಗ್ಗ ಅಂತಲೂ ಗೊತ್ತಿರಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ದಿಕ್ಕು ಬದಲಿಸುವ ಕಾಲ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಗುಡುಗು ಕೇಳಿದರೆ ನೀರಿನಿಂದ ಹೊರಗೆ ಬನ್ನಿ, ಅದರಲ್ಲಿ ಚೌಕಾಸಿ ಇಲ್ಲ. ಬಂಗಾಳ ಕೊಲ್ಲಿಯಲ್ಲಿ ತೂಫಾನು ಏಳುವ ಸಮಯವೂ ಅದೇ. 2017ರ ನವೆಂಬರ್ ಕೊನೆಗೆ ಬಂದ ಓಖಿ ನೆನಪಿದೆಯಲ್ಲ, ಲಂಕೆಯ ಪಕ್ಕದಲ್ಲೇ ಎದ್ದು ಕನ್ಯಾಕುಮಾರಿಯನ್ನು ಸವರಿ ಅರಬ್ಬಿ ಕಡಲಿಗೆ ಹೋಯಿತು, ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಮನೆಗೆ ಬರಲಿಲ್ಲ. ಹಾಗಾಗಿ ಹೊರಡುವ ವಾರ ಹವಾಮಾನ ಇಲಾಖೆಯ ಸುದ್ದಿ ನೋಡಿ. ವಾಯುಭಾರ ಕುಸಿತ ಅನ್ನುವ ಮಾತು ಕಿವಿಗೆ ಬಿದ್ದರೆ ಟಿಕೆಟ್ ಬದಲಿಸಿ. ಜೋರು ಮಳೆ ಆದ ಮರುದಿನವೂ ಇಳಿಯಬೇಡಿ, ತೋಡಿನ ಕೊಳಕೆಲ್ಲ ಕಡಲಿಗೆ ಬಂದಿರುತ್ತದೆ, ತಳ ಕಾಣುವುದಿಲ್ಲ.

ಮೇನಲ್ಲಿ ಮುಂಗಾರು. ದಕ್ಷಿಣ ದಡಕ್ಕೆ ಗಾಳಿ ಕಡಲಿನಿಂದಲೇ ಬೀಸುತ್ತದೆ, ನೀರು ಒರಟು. ಆಗ ಲಂಕೆಯ ಪೂರ್ವ ದಡದಲ್ಲಿ, ಅರುಗಮ್ ಬೇಯಲ್ಲಿ ಸೀಸನ್ ಶುರುವಾಗುತ್ತದೆ. ಅಲ್ಲಿ ಹೊಸಬರಿಗೆ 'ಬೇಬಿ ಪಾಯಿಂಟ್' ಇದೆ. ದಾರಿ ಮಾತ್ರ ದೂರ, ಮಕ್ಕಳನ್ನು ಕರೆದುಕೊಂಡು ಹೋಗುವವರು ಯೋಚನೆ ಮಾಡಿ.

ಪ್ರ: ಇದಕ್ಕೆಲ್ಲ ಲಂಕೆಗೆ ಯಾಕೆ ಹೋಗಬೇಕು? ನಮ್ಮ ಕರ್ನಾಟಕದಲ್ಲಿ ರೀಫ್ ಅಲೆ ಇಲ್ಲವಾ? ಇನ್ನೊಂದು ಪ್ರಶ್ನೆ: ಏಪ್ರಿಲ್‌ನಲ್ಲಿ ಒಂದು ದಿನ ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕಡಲು ನಮ್ಮ ರಸ್ತೆವರೆಗೆ ಬಂತು. ಅದು ಹೇಗೆ?
— ಕುಮಟಾದ ಓದುಗರು

ಉ: ಮೊದಲನೆಯದಕ್ಕೆ ಸಣ್ಣ ಉತ್ತರ. ಹವಳ ಇದೆ, ಮುರುಡೇಶ್ವರದ ಆಚೆ ನೇತ್ರಾಣಿ ಸುತ್ತ, ಆದರೆ ಅದು ಮುಳುಗಿ ನೋಡುವ ಜಾಗ, ಅಲೆ ಹಿಡಿಯುವ ಜಾಗ ಅಲ್ಲ. ನಮ್ಮಲ್ಲಿ ಸರ್ಫಿಂಗ್ ನಡೆಯುವುದು ಮರಳಿನ ಮೇಲೆ, ಮುಲ್ಕಿಯಲ್ಲಿ, ಶಾಂಭವಿ ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಸಸಿಹಿತ್ಲಿನಲ್ಲೇ. ಕಲಿಯುವುದಕ್ಕೆ ಅದು ಏನೂ ಕಡಿಮೆ ಇಲ್ಲ.

ಎರಡನೆಯದು ನನಗೆ ಬಹಳ ಇಷ್ಟವಾದ ಪ್ರಶ್ನೆ, ಯಾಕೆಂದರೆ ಮೇಲೆ ಬೆಂಗಳೂರಿನವರಿಗೆ ಹೇಳಿದ ಅದೇ 14 ಸೆಕೆಂಡಿನ ಅಲೆಯ ಕಥೆ ಇದು. ಮಲಯಾಳಂ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಅನ್ನುತ್ತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಈಗ ವಿಜ್ಞಾನಿಗಳೂ ಅದೇ ಹೆಸರನ್ನು ಬಳಸುತ್ತಾರೆ. ಬಿರುಗಾಳಿ ಎದ್ದದ್ದು ಎಲ್ಲೋ ದೂರದ ದಕ್ಷಿಣದಲ್ಲಿ, ಅಲೆ ಬಂದು ಮುಟ್ಟುವುದು ಒಂದು ವಾರದ ಮೇಲೆ ನಿಮ್ಮ ರಸ್ತೆಗೆ. ಇಲ್ಲಿನ ಆಕಾಶ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಜಾಸ್ತಿ ಬರುವುದು ಮುಂಗಾರಿಗೆ ಮೊದಲು, ಏಪ್ರಿಲ್, ಮೇನಲ್ಲಿ. ಉಬ್ಬರದ ಹೊತ್ತಿಗೆ ಸರಿಯಾಗಿ ಬಂದರೆ ನೀರು ರಸ್ತೆಗೆ ಬರುತ್ತದೆ. 2024ರ ಮೇನಲ್ಲಿ ಕನ್ಯಾಕುಮಾರಿ ಜಿಲ್ಲೆಯಲ್ಲಿ ಕಡಲ ತೀರಕ್ಕೆ ಹೋಗಿದ್ದ ಐವರು ವೈದ್ಯ ವಿದ್ಯಾರ್ಥಿಗಳು ತೀರಿಕೊಂಡದ್ದು ಇಂಥದ್ದೇ ದಿನಗಳಲ್ಲಿ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ, ಅಂದರೆ ಕೇಂದ್ರ ಸರಕಾರದ ಸಾಗರ ಮಾಹಿತಿ ಕೇಂದ್ರ, ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಕುಮಟಾದಲ್ಲಿ ಇರುವವರು, ಸರ್ಫಿಂಗ್ ಮಾಡಲಿ ಬಿಡಲಿ, ಏಪ್ರಿಲ್, ಮೇನಲ್ಲಿ ಅದನ್ನು ನೋಡುತ್ತಿರಿ. ದೋಣಿ ಇದ್ದರೆ ಮೇಲಕ್ಕೆ ಎಳೆದು ಕಟ್ಟಿ, ಒಂದಕ್ಕೊಂದು ತಾಗದ ಹಾಗೆ.

ಪ್ರ: ಸನ್‌ಸ್ಕ್ರೀನ್ ಬದಲು ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಕು ಅಂತ ನಮ್ಮ ಅತ್ತೆ ಹೇಳುತ್ತಾರೆ. ಹೌದಾ?
— ತುಮಕೂರಿನ ಓದುಗರು

ಉ: ಬಿಸಿಲು ಅದಕ್ಕೆ ಜಗ್ಗುವುದಿಲ್ಲ, ಬೋರ್ಡ್ ಮಾತ್ರ ಜಾರುತ್ತದೆ, ಹತ್ತಿದ ಕೂಡಲೇ ಇಳಿಯುತ್ತೀರಿ. ಉದ್ದ ತೋಳಿನ ರ‍್ಯಾಶ್ ಗಾರ್ಡ್ (ನೀರಿನಲ್ಲಿ ಹಾಕುವ ಮೈಗಂಟಿದ ಅಂಗಿ) ಹಾಕಿ, ಮುಖಕ್ಕೆ ಝಿಂಕ್ ಕ್ರೀಮ್ ಬಳಿಯಿರಿ. ಅತ್ತೆ ಕೊಟ್ಟ ಎಣ್ಣೆಯನ್ನೂ ತೆಗೆದುಕೊಂಡು ಹೋಗಿ, ಸಂಜೆ ಸ್ನಾನ ಆದ ಮೇಲೆ ಉಪ್ಪು ಹಿಡಿದ ಕೂದಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.